ಲೈನ್ ಕ್ಲಿಯರ್

ಹಬ್ಬುವಾಡದ ಸಬ್‌ಸ್ಟೇಷನ್ನಿನಲ್ಲಿ ರಾತ್ರಿಪಾಳಿ ನನ್ನದು.
ಮೇಜಿನ ಮೇಲೆ ಎರಡು ಫೋನು, ಒಂದು ಲಾಗ್‌ಬುಕ್ಕು,
ಲಾಗ್‌ಬುಕ್ಕಿನಡಿ ಇನ್ನೊಂದು ಬುಕ್ಕು:
ರಟ್ಟಿನ ಮೇಲೆ ಗೋಧಿಗದ್ದೆ, ಬಿಳಿ ಟೊಪ್ಪಿಗೆಯ ಹುಡುಗಿ,
ನೋಡುವುದು ಆಚೆ, ಕಿವಿಯೆಲ್ಲ ಈಚೆ.

ಬೈತಖೋಲದ ಬಂದರಕ್ಕೆ ಡಾಂಬರು ತಂದ ಹಡಗು
ಇಳಿಸಿಹೋದ ರದ್ದಿಯಲ್ಲಿ ಇಂಥವು ಹನ್ನೊಂದು ಇದ್ದವಂತೆ.
ಯಾವ ಖಲಾಸಿ ಓದಿದನೋ, ಕಣ್ಣೊರೆಸಿಕೊಂಡು;
ಒಂದು ಪುಟದಲ್ಲಿ ಗ್ರೀಸಿನ ಹೆಬ್ಬೆಟ್ಟು.
ಗುಜರಿಯ ಇಸ್ಮಾಯಿಲ್ ತೂಕಕ್ಕೆ ಕೊಟ್ಟ, ಕಿಲೋಗೆ ಮೂವತ್ತು.
ಆಮಿಶ್ ಜನರ ಪ್ರೇಮದ ಕತೆಗಳು.
ಕಟ್ಟಿನ ಮೇಲೆ ಅವನು ಪೆನ್ನಿನಲ್ಲಿ ಗೀಚಿದ್ದು: 'ಆಮಿಷ'.

ತಪ್ಪು ಅನ್ನಲೋ, ಸರಿ ಅನ್ನಲೋ.
ಅಣ್ಣ ಗಾಳಕ್ಕೆ ಚುಚ್ಚುವ ಸಿಗಡಿಚೂರೂ ಆಮಿಷವೇ,
ಗುರುವಾರ ಆಯಿ ಮುಟ್ಟದ ಬಾಂಗಡೆಯೂ ಆಮಿಷವೇ.
ಇವರೋ, ಗುಂಡಿಯನ್ನೂ ಬೇಡವೆಂದು ಟಾಚಣಿ ಚುಚ್ಚಿಕೊಂಡವರು,
ಮನೆಯೊಳಗೆ ಕರೆಂಟು ಬಿಟ್ಟುಕೊಳ್ಳದವರು.
ಕರೆಂಟು ಬೇಡವಂತೆ!
ಕೈಗಾದ ಕಡೆಯಿಂದ ಬರುವ ತಂತಿಗಳು
ನನ್ನ ತಲೆಯ ಮೇಲೆ ಗುಂಯ್‌ಗುಡುತ್ತ ನಕ್ಕವು.

ನನ್ನ ಇಂಗ್ಲಿಷು ಇಲಾಖೆಯ ಇಂಗ್ಲಿಷು: ಲೋಡು, ಫಾಲ್ಟು, ಅರ್ಥಿಂಗು.
ಅಷ್ಟರಲ್ಲೇ ಓದುತ್ತೇನೆ, ತಡವರಿಸಿ, ಬೆರಳಿಟ್ಟು.
ಅವಸರವಿಲ್ಲ; ಅವರಿಗೂ ಇಲ್ಲ.
ನಲವತ್ತನೇ ಪುಟಕ್ಕೆ ಕುದುರೆಗಾಡಿಯಲ್ಲಿ ಪಕ್ಕಪಕ್ಕ ಕೂತರು,
ನಡುವೆ ಒಂದು ಮೊಟ್ಟೆಯ ಬುಟ್ಟಿ.
ತೊಂಬತ್ತಕ್ಕೆ ಅವನು ಅವಳಪ್ಪನ ಕಣಜ ಕಟ್ಟಲು ಬಂದ.
ನೂರಾ ಅರವತ್ತಕ್ಕೆ ಅವಳು ನೀರು ಕೊಟ್ಟಳು, ತಂಬಿಗೆಯ ಕಂಠ ಹಿಡಿದು;
ಅವನು ಬುಡ ಹಿಡಿದು ತಗೊಂಡ.
ಇಷ್ಟಕ್ಕೇ ನನಗೆ ಬೆವರು.
ಸೆಕೆ ಎಂದುಕೊಂಡೆ. ಮೇ ತಿಂಗಳು.

'ಎಂತಾ ಓದ್ತ್ರಿ ಬಾಯೋರೆ, ದಿನಾ?'
ಕೇಳಿದ್ದ ಒಮ್ಮೆ ಲೈನ್‌ಮನ್ ಬೊಮ್ಮು ಗೌಡ, ಬಾಗಿಲಾಚೆ ನಿಂತು.
ಹನ್ನೆರಡು ವರ್ಷದಿಂದ ಆಚೆಯೇ ನಿಲ್ಲುತ್ತಾನೆ, ಕಾಲಿನ ಕೆಸರಿನ ನೆವ ಹೇಳಿ.
ಒಳಗೆ ಬರುವುದು ಅವನ ರಬ್ಬರ್ ಗ್ಲೌಸು ಮಾತ್ರ,
ಮೊಳೆಗೆ ತೂಗಲು, ನನ್ನ ಕೈಯಿಂದ.
'ಕರೆಂಟಿಲ್ಲದ ಊರಿನ ಕತೆ' ಅಂದೆ.
'ಹಂಗಾರೆ ನಂಗೆ ಅಲ್ಲಿ ಎಂತಾ ಕೆಲ್ಸ?' ಅಂದ.
ಆ ಪ್ರಶ್ನೆ ಯಾವ ಪುಟದಲ್ಲೂ ಇಲ್ಲ; ಹುಡುಕಿದ್ದೇನೆ.

ಮೊನ್ನೆ ರಾತ್ರಿ ಒಂದೂ ಹತ್ತಕ್ಕೆ
ಕೋಡಿಬಾಗ ಫೀಡರಿಗೆ ಬಾವಲಿ ಸಿಕ್ಕು ಊರೆಲ್ಲ ಕತ್ತಲು.
ಕಡಲಲ್ಲಿ ಮಾತ್ರ ಬೆಳಕು: ಕದ್ದು ಲೈಟು ಹಾಕಿ ಮೀನು ಕರೆಯುವ ಬೋಟುಗಳು.
ಬೆಳಕೂ ಆಮಿಷವೇ ಅಲ್ಲವೇ, ಇಸ್ಮಾಯಿಲ್?
ಫೋನುಗಳು ಬಡಿದುಕೊಂಡವು: ಫ್ಯಾನು, ಕೂಸು, ಐಸ್ ಫ್ಯಾಕ್ಟರಿ, ಯಾರದೋ ಮದುವೆ ಚಪ್ಪರ.
ಕರೆಗಳ ನಡುವೆ, ಬ್ಯಾಟರಿ ಹಲ್ಲಲ್ಲಿ ಕಚ್ಚಿ,
ಇನ್ನೂರಾ ಹನ್ನೆರಡನೇ ಪುಟದಲ್ಲಿದ್ದೆ.
ಕಣಜ. ಏಣಿ. ಅವನು ಮೇಲೆ.
ಅವಳು ಕೆಳಗೆ, ಏಣಿ ಹಿಡಿದು.

ಆಗ ಅವನ ಫೋನು, ಕಂಬದ ಮೇಲಿಂದ:
'ಬಾಯೋರೆ, ಲೈನ್ ಕ್ಲಿಯರ್ ಕೊಡಿ.'
ಸ್ವಿಚ್ ಎಳೆದೆ. ಅರ್ಥ್ ಹಾಕಿದೆ.
ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸಿದೆ.
ಎರಡು ಸಲ ನೋಡಿದೆ. ಮೂರನೆಯ ಸಲವೂ.
ನಿಯಮದಂತೆ ಹೇಳಬೇಕಾದ್ದು ನಂಬರು, ಸಮಯ, ನನ್ನ ಹೆಸರು.
ಹೇಳಿದೆ. ಆಮೇಲೆ, ನಿಯಮದಲ್ಲಿ ಇಲ್ಲದ್ದು:
'ಈಗ ಮುಟ್ಟಬಹುದು.'

ಆ ಕಡೆ ಸ್ವಲ್ಪ ಹೊತ್ತು ಉಸಿರು.
'ಮುಟ್ಟಿದೆ.'
ಹನ್ನೊಂದು ಸಾವಿರ ವೋಲ್ಟಿನ ತಂತಿ, ನನ್ನ ಒಂದು ಮಾತಿನ ಮೇಲೆ.
ಬ್ಯಾಟರಿ ತಿರುಗಿಸಿದರೆ
ಗ್ಲೌಸು ಇಲ್ಲೇ, ಮೊಳೆಯಲ್ಲೇ, ಕೈ ಕೆಳಗೆ ಬಿಟ್ಟುಕೊಂಡು.

ಅರ್ಧ ತಾಸು ಪುಟ ಮಗುಚಲಿಲ್ಲ.
ಆ ಹುಡುಗಿಯೂ ಏಣಿ ಹಿಡಿದೇ ನಿಂತಿದ್ದಳು, ಪಾಪ.

'ಕೈ ತೆಗ್ದೆ ಬಾಯೋರೆ. ಬಿಡಿ.'
ಬಿಟ್ಟೆ.
ಕಾಜುಬಾಗ, ಕೋಡಿಬಾಗ, ಬೀದಿಗೊಂದು ಬೀದಿ ಹತ್ತಿಕೊಂಡಿತು;
ಚಪ್ಪರದ ಮೈಕು ನಿಲ್ಲಿಸಿದ್ದಲ್ಲಿಂದಲೇ ಕೂಗಿತು.
ಲಾಗ್‌ಬುಕ್ಕಿನಲ್ಲಿ ಬರೆದೆ: ೧.೫೨, ಬಾವಲಿ ಒಂದು, ಎಲ್ಲ ಸರಿ.

ಬೆಳಿಗ್ಗೆ ಗ್ಲೌಸಿಗೆ ಬಂದ. ಬಯ್ಯಬೇಕೆಂದಿದ್ದೆ.
'ಮುಂದೆಂತಾಯ್ತು ಆ ಊರಲ್ಲಿ?' ಅಂದ, ಹೊಸ್ತಿಲ ಮೇಲೆ ಒಂದು ಕಾಲಿಟ್ಟು.
'ಇನ್ನೂ ನೂರು ಪುಟ ಉಂಟು' ಅಂದೆ.
ಖಲಾಸಿ ಕೊನೆಯ ಎಲೆ ಹರಿದುಕೊಂಡು ಹೋಗಿದ್ದಾನೆಂದು
ಹೇಳಲಿಲ್ಲ.